ಅರ್ಧ ತೋಳಿನ ಅಂಗಿ

ಅರ್ಧ ತೋಳಿನ ಅಂಗಿಯು ಮೊಣಕೈಗಿಂತ ಮೇಲೆಯೇ ತೋಳು ಮುಗಿಯುವ, ಮುಂಭಾಗದಲ್ಲಿ ಕೊರಳಿನಿಂದ ಕೆಳ ಅಂಚಿನವರೆಗೆ ಗುಂಡಿಗಳಿರುವ ಮೇಲುಡುಪು. ಆಡುಮಾತಿನಲ್ಲಿ ಇದನ್ನು ‘ಹಾಫ್ ಶರ್ಟ್’ ಎನ್ನುವರು.

ರಚನೆ

ತೋಳಿನ ತುದಿಯನ್ನು ಮಡಿಚಿ ಹೊಲಿಯಲಾಗುತ್ತದೆ, ಕಫ್ ಇರುವುದಿಲ್ಲ. ಕೆಳ ಅಂಚು ನೇರವಾಗಿದ್ದರೆ ಅಂಗಿಯನ್ನು ಪ್ಯಾಂಟಿನ ಹೊರಗೆ ಬಿಡಲಾಗುತ್ತದೆ. ಬಾಗಿದ ಅಂಚು ‘ಇನ್‌ಶರ್ಟ್’ ಮಾಡುವುದಕ್ಕಾಗಿ ಇರುವಂಥದ್ದು.

ಇತಿಹಾಸ ಮತ್ತು ಶೈಲಿಗಳು

19ನೆಯ ಶತಮಾನದ ಬಹುಭಾಗ ಪಾಶ್ಚಾತ್ಯ ಅಂಗಿಗಳನ್ನು ತಲೆಯ ಮೇಲಿಂದ ತೊಡಲಾಗುತ್ತಿತ್ತು. ಮುಂಭಾಗ ಪೂರ್ಣ ತೆರೆಯುವ ಅಂಗಿ ರೂಢಿಯಾದದ್ದು ಅನಂತರ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ತೊಟ್ಟ ಖಾಕಿ ಬುಷ್ ಶರ್ಟ್ ಯುದ್ಧಾನಂತರ ಭಾರತದ ಪಟ್ಟಣಗಳಲ್ಲಿ ನಾಗರಿಕ ಉಡುಪಾಯಿತು. ಹೂಬಳ್ಳಿಗಳ ಅಚ್ಚಿನ ಹವಾಯಿ ಅಂಗಿ 1930ರ ದಶಕದಲ್ಲಿ ಹೊನೊಲುಲುವಿನಲ್ಲಿ ಪ್ರಚಾರಕ್ಕೆ ಬಂದಿತು. ಕ್ಯೂಬಾದ ಗ್ವಾಯಬೆರಾದಲ್ಲಿ ಸಾಮಾನ್ಯವಾಗಿ ನಾಲ್ಕು ಜೇಬುಗಳೂ ಸಣ್ಣ ನೆರಿಗೆಗಳ ಸಾಲುಗಳೂ ಇರುತ್ತವೆ. ಮದ್ರಾಸ್ ಚೌಕಳಿ ಎಂಬುದು ಬಟ್ಟೆಯ ಹೆಸರೇ ಹೊರತು ಹೊಲಿಗೆಯ ಶೈಲಿಯಲ್ಲ.

ಚಿತ್ರದುರ್ಗ ಜಿಲ್ಲೆಯಲ್ಲಿ

ಮಳೆ ಕಡಿಮೆಯಿರುವ ಈ ಜಿಲ್ಲೆಯ ಬೇಸಿಗೆಗೆ ಹತ್ತಿಯ ಅರ್ಧ ತೋಳಿನ ಅಂಗಿ ಹಿತಕರ. ಆದರೂ ಬಿಸಿಲಿನಿಂದಲೂ ಗರಿಗಳ ತರಚಿನಿಂದಲೂ ಕೈಗಳನ್ನು ಕಾಪಾಡಿಕೊಳ್ಳಲು ಹೊಲ–ತೋಟದ ಕೆಲಸಕ್ಕೆ ಹಳೆಯ ತುಂಬುತೋಳಿನ ಅಂಗಿಯೇ ಮೇಲು. ಸರ್ಕಾರಿ ಶಾಲೆಗಳ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಸಮವಸ್ತ್ರದ ಬಟ್ಟೆ ಉಚಿತವಾಗಿ ದೊರೆಯುತ್ತದೆ. ಬಾಲಕರಿಗೆ ಅದರಿಂದ ಸಾಮಾನ್ಯವಾಗಿ ಅರ್ಧ ತೋಳಿನ ಅಂಗಿಯನ್ನೇ ಹೊಲಿಸಲಾಗುತ್ತದೆ.

ಪರೀಕ್ಷೆಗಳ ವಸ್ತ್ರಸಂಹಿತೆ

ಇತ್ತೀಚಿನ ವರ್ಷಗಳಲ್ಲಿ ಈ ಅಂಗಿ ಅಭಿರುಚಿಗಿಂತ ನಿಯಮದ ವಿಷಯವಾಗಿದೆ. 2023ರ ಅಕ್ಟೋಬರ್‌ನಲ್ಲಿ ನಿಗಮ–ಮಂಡಳಿಗಳ ನೇಮಕಾತಿ ಪರೀಕ್ಷೆಯ ವೇಳೆ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಬಳಸಿದ ಅಕ್ರಮ ಬಯಲಾಯಿತು. ನವೆಂಬರ್ 18, 19ರ ಪರೀಕ್ಷೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಪುರುಷ ಅಭ್ಯರ್ಥಿಗಳಿಗೆ ಅರ್ಧ ತೋಳಿನ, ಸಾಧ್ಯವಾದಷ್ಟು ಕಾಲರ್ ಇಲ್ಲದ ಅಂಗಿಯನ್ನು ಸೂಚಿಸಿ ತುಂಬುತೋಳನ್ನು ನಿಷೇಧಿಸಿತು. ದೊಡ್ಡ ಗುಂಡಿಗಳಿಗೂ ಜಿಪ್ ಇರುವ ಜೇಬುಗಳಿಗೂ ಅವಕಾಶವಿರಲಿಲ್ಲ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿಯೂ ತುಂಬುತೋಳಿಗೆ ನಿರ್ಬಂಧವಿದ್ದು, ಕೇಂದ್ರದ ಬಾಗಿಲಲ್ಲಿಯೇ ತೋಳುಗಳನ್ನು ಕತ್ತರಿಸಿದ ಪ್ರಸಂಗಗಳು ದೇಶದ ಹಲವೆಡೆ ವರದಿಯಾಗಿವೆ.

ಹೊಸದುರ್ಗ, ಹೊಳಲ್ಕೆರೆ ಅಥವಾ ಹಿರಿಯೂರಿನಿಂದ ಬೆಳಗಿನ ಬಸ್ಸಿಗೆ ಚಿತ್ರದುರ್ಗದ ಕೇಂದ್ರಕ್ಕೆ ಹೋಗಬೇಕಾದ ಅಭ್ಯರ್ಥಿಗೆ ಬಟ್ಟೆ ಬದಲಿಸಲು ಮನೆಗೆ ಮರಳುವಷ್ಟು ಕಾಲಾವಕಾಶ ಇರುವುದಿಲ್ಲ. ಸಿದ್ಧ ಉಡುಪುಗಳಲ್ಲಿ ಕಾಲರ್ ಇಲ್ಲದ ಅರ್ಧ ತೋಳಿನ ಅಂಗಿ ಅಪರೂಪ. ಹಳೆಯ ಅಂಗಿಯ ತೋಳನ್ನು ದರ್ಜಿಯಿಂದ ಮೊದಲೇ ಕತ್ತರಿಸಿ ಮಡಿಚಿ ಹೊಲಿಸಿಕೊಳ್ಳುವುದು ಅಗ್ಗದ ಉಪಾಯ. ಸೂಚನೆಗಳು ಪರೀಕ್ಷೆಯಿಂದ ಪರೀಕ್ಷೆಗೆ ಬದಲಾಗುವುದರಿಂದ ಪ್ರವೇಶಪತ್ರದಲ್ಲಿರುವುದನ್ನೇ ಅಂತಿಮವೆಂದು ಪರಿಗಣಿಸಬೇಕು.