ಹಾರ ಹಾಕದ ಫೋಟೊ

ಮಂಡ್ಯ ಜಿಲ್ಲೆಯ ಹೊಳಲು, ಮದ್ದೂರು, ಮಳವಳ್ಳಿ ಕಡೆ ಯಾವ ಸರ್ಕಲ್ಲಿನಲ್ಲಿ ನಿಂತರೂ ಒಂದು ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಹುಟ್ಟುಹಬ್ಬದ್ದಾದರೆ ಅದರಲ್ಲಿರುವವರು ಹೆಚ್ಚಾಗಿ ಗಂಡಸರು. ಹಳ್ಳಿಯ ಹೆಣ್ಣುಮಗಳೊಬ್ಬಳ ಮುಖ ಅಷ್ಟು ದೊಡ್ಡದಾಗಿ ಅಚ್ಚಾಗುವುದು ಬಹುಪಾಲು ‘ಭಾವಪೂರ್ಣ ಶ್ರದ್ಧಾಂಜಲಿ’ಯ ಕೆಳಗೆ. ಅದೂ ಯಾವುದೋ ಮದುವೆಯ ಗ್ರೂಪ್ ಫೋಟೊದಿಂದ ಕತ್ತರಿಸಿ ತೆಗೆದ ಮುಖ. ಪಕ್ಕದವರ ಭುಜದ ಅಂಚು ಹಾಗೇ ಉಳಿದಿರುತ್ತದೆ. ಸ್ತನದ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರ್ ಬಂದು ವಾಸಿಯಾದವರ ಸುದ್ದಿ ಮನೆಯ ಹೊಸ್ತಿಲು ದಾಟುವುದಿಲ್ಲ. ತೀರಿಕೊಂಡವರ ಸುದ್ದಿ ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿಯೇ ‘ಅದು ಬಂದರೆ ಮುಗೀತು’ ಎಂಬ ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿದೆ. ಈ ನಂಬಿಕೆಯನ್ನು ಅಲ್ಲಾಡಿಸಲೆಂದೇ ಕ್ಯಾಮೆರಾ ಹಿಡಿದವರಿದ್ದಾರೆ. ಅವರ ಕೆಲಸ ನಮ್ಮ ಸ್ಟುಡಿಯೊದವರಿಗೂ ಆಶಾ ಕಾರ್ಯಕರ್ತೆಯರಿಗೂ ತಿಳಿಯಲಿ ಎಂಬ ಆಸೆ ನನ್ನದು.

ಇಂಗ್ಲೆಂಡಿನ ಜೋ ಸ್ಪೆನ್ಸ್ ನಮ್ಮೂರಿನ ಸ್ಟುಡಿಯೊದವರ ಹಾಗೆಯೇ ಮೊದಲು ಮದುವೆ, ಮಕ್ಕಳ ಫೋಟೊ ತೆಗೆದು ಬದುಕಿದವರು. ಎಲ್ಲರನ್ನೂ ಚೆಂದ ಕಾಣಿಸುವುದೇ ಕಸುಬು. 1982ರಲ್ಲಿ ಅವರಿಗೆ ಸ್ತನದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಆಪರೇಷನ್‌ಗೆ ಮುಂಚೆ ತಮ್ಮ ಎದೆಯ ಮೇಲೆ ‘ಜೋ ಸ್ಪೆನ್ಸ್‌ಳ ಸ್ವತ್ತೇ?’ ಎಂದು ಬರೆದು ಫೋಟೊ ಮಾಡಿಸಿದರು. ಆಸ್ಪತ್ರೆಯ ಹಾಸಿಗೆಯಿಂದ ಡಾಕ್ಟರುಗಳತ್ತಲೂ ಕ್ಯಾಮೆರಾ ತಿರುಗಿಸಿದರು. ನನ್ನ ದೇಹದ ವಿಷಯದಲ್ಲಿ ನನ್ನನ್ನೂ ಕೇಳಿ ಎಂಬುದು ಅವರ ಹಟ.

ಹನ್ನೊಂದು ವರ್ಷದ ನಂತರ, 1993ರ ಆಗಸ್ಟ್ 15ರ ಭಾನುವಾರ, ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನಿನ ಮುಖಪುಟದಲ್ಲಿ ಮಟುಷ್ಕಾ ಎಂಬ ಕಲಾವಿದೆ ತಾವೇ ತೆಗೆದ ತಮ್ಮ ಫೋಟೊ ಅಚ್ಚಾಯಿತು. ಬಿಳಿ ಉಡುಪು, ಒಂದು ಬದಿಯ ಬಟ್ಟೆ ಇಳಿದಿದೆ, ಸ್ತನ ತೆಗೆದ ಜಾಗದಲ್ಲಿ ಹೊಲಿಗೆಯ ಗುರುತು. ಓದುಗರ ಪತ್ರಗಳು ಬಂದು ಬಿದ್ದವು, ಮೆಚ್ಚಿದವರದೂ ಸಿಟ್ಟಾದವರದೂ. ಮುಂದೆ ಡೇವಿಡ್ ಜೇ ಎಂಬ ಫ್ಯಾಷನ್ ಫೋಟೊಗ್ರಾಫರ್ ‘ಸ್ಕಾರ್ ಪ್ರಾಜೆಕ್ಟ್’ ಹೆಸರಿನಲ್ಲಿ ಯುವತಿಯರ ಇಂಥ ಭಾವಚಿತ್ರಗಳನ್ನು ತೆಗೆದರು.

ಎದೆ ತೆರೆದ ಚಿತ್ರ ಮಂಡ್ಯದ ಹಳ್ಳಿಗೆ ಒಗ್ಗುವುದಿಲ್ಲ, ಒಗ್ಗಬೇಕಾಗಿಯೂ ಇಲ್ಲ. ನಮಗೆ ಹತ್ತಿರದ ದಾರಿ ಮೈಸೂರಿನ ಟಿ.ಎಸ್. ಸತ್ಯನ್ ಅವರದು. ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೂ ಕೆಲಸ ಮಾಡಿದ ಸತ್ಯನ್ ಸಾಮಾನ್ಯ ಜನರನ್ನು ಅವರ ಜಾಗದಲ್ಲೇ, ಅವರ ಘನತೆಗೆ ಕುಂದು ಬಾರದಂತೆ ಹಿಡಿದರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಹೆದರಿಸುವ ಫೋಟೊಗಳು ನಮ್ಮಲ್ಲಿ ಬೇಕಾದಷ್ಟಿವೆ. 2009ರಿಂದ ಬೀಡಿ, ಸಿಗರೇಟು ಪ್ಯಾಕಿನ ಮೇಲೆ ಬಂದವು, 2016ರಿಂದ ಪ್ಯಾಕಿನ ಮುಖ್ಯ ಬದಿಗಳ ಶೇ 85ರಷ್ಟು ಜಾಗ ಚಿತ್ರ, ಬರಹದ ಎಚ್ಚರಿಕೆಗೇ. ಚಟ ಬಿಡಿಸಲು ಆ ಭಯ ಕೆಲಸಕ್ಕೆ ಬಂದೀತು. ಎದೆಯಲ್ಲಿ ಗಂಟು ಸಿಕ್ಕಿ, ‘ನೋವಿಲ್ಲವಲ್ಲ, ಸುಗ್ಗಿ ಕಳೀಲಿ’ ಎಂದು ಸುಮ್ಮನಿರುವ ಹೆಂಗಸಿಗೆ ಹುಣ್ಣಿನ ಚಿತ್ರ ತೋರಿಸಿದರೆ ಅವಳು ಇನ್ನಷ್ಟು ಮುಚ್ಚಿಡುತ್ತಾಳೆ ಎಂಬುದು ನನ್ನ ಖಚಿತ ಅಭಿಪ್ರಾಯ. ಜಾಗತಿಕ ಕ್ಯಾನ್ಸರ್ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಸ್ತನದ ಕ್ಯಾನ್ಸರ್, 1.27 ಲಕ್ಷ ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಬಂತು. ಬೇಗ ಸಿಕ್ಕರೆ ಎರಡನ್ನೂ ಗುಣಪಡಿಸಬಹುದು.

ಕ್ಯಾಮೆರಾ ಇನ್ನೊಂದು ಕೆಲಸವನ್ನೂ ಮಾಡಬಲ್ಲದು. ಆಫ್ರಿಕಾದ ಜಾಂಬಿಯಾದಲ್ಲಿ ನರ್ಸುಗಳು ಗರ್ಭಕಂಠಕ್ಕೆ ತೆಳು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಹುಳಿಯನ್ನೇ ಹಚ್ಚುತ್ತಾರೆ. ದೋಷವಿದ್ದ ಜಾಗ ಸ್ವಲ್ಪ ಹೊತ್ತಿನಲ್ಲಿ ಬೆಳ್ಳಗಾಗುತ್ತದೆ. ಅದನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದು, ಪರದೆಯ ಮೇಲೆ ದೊಡ್ಡದು ಮಾಡಿ ಆಕೆಗೇ ತೋರಿಸುತ್ತಾರೆ. ಅನುಮಾನವಿದ್ದರೆ ಅದೇ ಚಿತ್ರ ಡಾಕ್ಟರಿಗೆ ಹೋಗುತ್ತದೆ. ತನ್ನ ಒಡಲಿನ ಚಿತ್ರವನ್ನು ತಾನೇ ಕಂಡ ಹೆಂಗಸಿಗೆ ‘ಏನೋ ಆಗಿದೆಯಂತೆ’ ಎಂಬ ಗಾಬರಿ ಉಳಿಯುವುದಿಲ್ಲ. ಏನಾಗಿದೆ, ಎಷ್ಟಾಗಿದೆ ಎಂದು ಕೇಳಿ ತಿಳಿಯುತ್ತಾಳೆ.

ಹೊಳಲಿನಂಥ ಊರಲ್ಲಿ ವಾಸಿಯಾದ ಹೆಂಗಸರ ಫೋಟೊ ತೆಗೆಯುವುದನ್ನು ಶುರು ಮಾಡುವವರಿಗೆ ಫ್ಲಾಶ್ ಬೇಡ, ಹಿಂದೆ ಪರದೆ ಬೇಡ. ಬೆಳಗಿನ ಬಿಸಿಲು ಜಗಲಿಗೆ ಬೀಳುವ ಹೊತ್ತು ಸಾಕು. ಕಿಮೋ ಮುಗಿದು ಹೊಸದಾಗಿ ಚಿಗುರಿದ ಮೋಟು ಕೂದಲನ್ನು ಸೆರಗಿನಲ್ಲಿ ಮುಚ್ಚುವುದೋ ಬಿಡುವುದೋ ಆಕೆಯ ಇಷ್ಟ. ಕಂಕುಳಿನ ಗ್ರಂಥಿ ತೆಗೆದವರಲ್ಲಿ ಕೆಲವರಿಗೆ ಆ ಬದಿಯ ತೋಳು ಊದುತ್ತದೆ. ಆಕೆ ಒಪ್ಪಿದರೆ ಅದನ್ನು ಮರೆಮಾಚದೆ ತೆಗೆಯಬೇಕು, ಮುಂದೆ ಅದೇ ತೊಂದರೆ ಬರುವವರಿಗೆ ಅದೊಂದು ತಿಳಿವಳಿಕೆ. ಆಮೇಲೆ ಆ ಚಿತ್ರ, ಎರಡು ಹೊತ್ತೂ ಹೆಂಗಸರು ಹಾಲು ಹಾಕಲು ಬರುವ ಡೈರಿಯ ಗೋಡೆಗೆ ಬರಲಿ.

ಒಪ್ಪಿಗೆ ಆಕೆಯದೇ ಆಗಬೇಕು. ಗಂಡನ, ಮಗನ ಸಹಿ ಸಾಲದು. ಎಲ್ಲಿ ತೂಗುಹಾಕುತ್ತಾರೆ, ವಾಟ್ಸ್ಆ್ಯಪ್‌ಗೆ ಹೋಗುತ್ತದೆಯೇ ಎಂಬುದನ್ನು ಮೊದಲೇ ಹೇಳಬೇಕು. ಬೇಡ ಅಂದ ದಿನ ಇಳಿಸಬೇಕು. ನಿರೂಪಕಿ ಅಪರ್ಣಾ ಶ್ವಾಸಕೋಶದ ಕ್ಯಾನ್ಸರಿನಿಂದ 2024ರ ಜುಲೈನಲ್ಲಿ ತೀರಿಕೊಂಡಾಗಲೇ ನಾಡಿಗೆ ಅವರ ಕಾಯಿಲೆಯ ವಿಷಯ ತಿಳಿದದ್ದು. ನೋವನ್ನು ತನ್ನೊಳಗೇ ಇಟ್ಟುಕೊಳ್ಳುವ ಹಕ್ಕೂ ಹೆಣ್ಣಿನದೇ.

ಫೋಟೊದ ಕೆಳಗಿನ ನಾಲ್ಕು ಸಾಲನ್ನು ಆಕೆಯೇ ಹೇಳಿ ಬರೆಸಲಿ: ಗಂಟು ಸಿಕ್ಕಿದ್ದು ಯಾವಾಗ, ಮೊದಲು ಹೇಳಿದ್ದು ಯಾರಿಗೆ, ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋದದ್ದೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ದುಡ್ಡು ಹೊಂದಿದ್ದು ಹೇಗೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆಯೆಂಬುದೂ ಅಲ್ಲಿರಲಿ. 30 ದಾಟಿದ ಹೆಂಗಸರಿಗೆ ಸ್ತನ, ಗರ್ಭಕಂಠ, ಬಾಯಿಯ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಯಾವ ಆರೋಗ್ಯ ಕೇಂದ್ರದಲ್ಲಿ, ವಾರದ ಯಾವ ದಿನ ಎಂಬುದನ್ನು ಊರಿನ ಆಶಾ ಕಾರ್ಯಕರ್ತೆ ಕೇಳಿ ತಿಳಿದು, ಅಲ್ಲೇ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದರಾಯಿತು.