ಮಕ್ಕಳೂ ಇಂದ್ರಗೋಪವೂ

ಬೀದರಿನ ಸಮೀಪದ ನಮ್ಮ ಬಗದಲ್ ಸೀಮೆಯಲ್ಲಿ ಮೃಗಶಿರಾ ಮಳೆಗೆ ‘ಮಿರಗ’ವೆನ್ನುವುದು ವಾಡಿಕೆ. ಜೂನ್ 7ರ ಸುಮಾರಿಗೆ ಈ ನಕ್ಷತ್ರವು ಕೂಡಿ, ಒಂದೆರಡು ಹದಮಳೆ ಬಿದ್ದೊಡನೆ ಹೊಲದ ಬದುಗಳಲ್ಲಿ ಮಖಮಲ್ಲಿನ ಗುಂಡಿಗಳಂತಹ ಕೆಂಪು ಹುಳುಗಳು ಹರಿದಾಡತೊಡಗುವುವು. ಸಂಸ್ಕೃತದಲ್ಲಿ ಇದಕ್ಕೆ ಇಂದ್ರಗೋಪವೆಂದು ಹೆಸರು. ಕಿಷ್ಕಿಂಧಾಕಾಂಡದ ವರ್ಷಾವರ್ಣನೆಯಲ್ಲಿ ವಾಲ್ಮೀಕಿಗಳೂ ಇದನ್ನು ಮರೆತಿಲ್ಲ. ಮಹಾಕವಿಯ ಕಣ್ಣಿಗೆ ಬಿದ್ದ ಈ ಪ್ರಾಣಿಯು ಮಕ್ಕಳ ಕೈಗೆ ಬಿದ್ದರೆ ಬೆಂಕಿಪೆಟ್ಟಿಗೆಯಲ್ಲಿ ಸೆರೆಯಾಗಿ ಒಣಗಿಹೋಗುವುದು.

ಅದಕ್ಕಾಗಿ ಮಕ್ಕಳನ್ನು ಗದರಿಸಬೇಕೆಂದು ನಾವು ಹೇಳುವುದಿಲ್ಲ. ಹಿಡಿದು ನೋಡುವ ಕುತೂಹಲವೇ ವಿದ್ಯೆಯ ಬೀಜವಷ್ಟೆ! ತಾಯಂದಿರು ಮಗುವನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, “ಇದಕ್ಕೆ ಕಾಲೆಷ್ಟು, ಎಣಿಸು ನೋಡೋಣ” ಎಂದರೆ ಸಾಕು. ಎಂಟು ಕಾಲುಗಳು ಸಿಕ್ಕುವುವು. ಇರುವೆಗೂ ಚಿಟ್ಟೆಗೂ ಜೇನಿಗೂ ಆರೇ. ಆದುದರಿಂದ ಇಂದ್ರಗೋಪವು ನಿಜವಾದ ಕೀಟವೇ ಅಲ್ಲ. ಜೇಡ, ಚೇಳು, ಉಣ್ಣೆಗಳ ಬಳಗದ್ದು. ಇದರಲ್ಲಿಯೂ ಒಂದು ಸೋಜಿಗವುಂಟು. ಮರಿಯಾಗಿದ್ದಾಗ ಇದಕ್ಕೂ ಆರೇ ಕಾಲು. ಆಗ ಮಿಡತೆ ಮೊದಲಾದವುಗಳ ಮೈಗೆ ಅಂಟಿಕೊಂಡು ರಸ ಹೀರುವುದು. ಬೆಳೆದ ಮೇಲೆ ಗೆದ್ದಲು ಮೊದಲಾದ ಸಣ್ಣ ಕೀಟಗಳನ್ನೂ ಅವುಗಳ ಮೊಟ್ಟೆಗಳನ್ನೂ ತಿಂದು ಜೀವಿಸುವುದು.

ಇದು ಕೇವಲ ವಿನೋದದ ಮಾತಲ್ಲ. ಎಲ್ಲಕ್ಕೂ ‘ಹುಳ’ವೆಂಬ ಒಂದೇ ಹೆಸರನ್ನು ಕಲಿತ ಮಗುವು ನಾಳೆ ಒಕ್ಕಲುತನಕ್ಕೆ ಇಳಿದಾಗ ಎಲ್ಲಕ್ಕೂ ಒಂದೇ ವಿಷವನ್ನು ಹೊಡೆಯುವುದು. ತೊಗರಿ ಹೂಬಿಟ್ಟಾಗ ಕಾಯಿಕೊರಕದ ಪತಂಗವು ಮೊಗ್ಗು, ಎಳೆಗಾಯಿಗಳ ಮೇಲೆ ಮೊಟ್ಟೆಯಿಡುವುದು. ಅದರ ಹುಳುವು ಕಾಯಿಯೊಳಕ್ಕೆ ತಲೆ ತೂರಿಸಿ ಕಾಳನ್ನು ತಿಂದು, ಸಂಸಾರದ ವರ್ಷದ ಅನ್ನವನ್ನೇ ಕಸಿಯುವುದು. ಅದನ್ನು ಕೊಲ್ಲದೆ ಗತಿಯಿಲ್ಲ. ಅಲ್ಲಿ ಅಹಿಂಸೆಯನ್ನು ಬೋಧಿಸುವುದು ಹೊಟ್ಟೆ ತುಂಬಿದವರ ಮಾತು. ಆದರೆ ಅದೇ ಹೊಲದಲ್ಲಿ ಸಸ್ಯಹೇನುಗಳನ್ನು ತಿನ್ನುವ ಗುಲಗಂಜಿ ಹುಳುವೂ ಹೂವಿಗೆ ಬಂದ ಜೇನೂ ಇರುವುವು. ವಿಷವು ಭೇದವನ್ನರಿಯದು. ಗಿಡವನ್ನು ಬಾಗಿಸಿ ಅಲುಗಿಸಿ, ಕೆಳಗೆ ಹಾಸಿದ ಬಟ್ಟೆಯ ಮೇಲೆ ಕಾಯಿಕೊರಕವನ್ನು ಬೀಳಿಸಿ ನಾಶಮಾಡುವ ಪದ್ಧತಿಯು ಕಲಬುರಗಿ, ಬೀದರ ಕಡೆಯ ರೈತರಲ್ಲಿ ಉಂಟು. ಈ ಕೆಲಸಕ್ಕೆ ಹೋಗುವಾಗ ಮಗುವನ್ನೂ ಕರೆದೊಯ್ಯಿರಿ. ಬಿದ್ದವುಗಳಲ್ಲಿ ಕಳ್ಳನಾವುದು, ಕಾವಲುಗಾರನಾವುದು ಎಂಬುದನ್ನು ಅದೇ ಬೇರ್ಪಡಿಸಲಿ. ಔಷಧ ಹೊಡೆದ ಹೊಲದ ಕಡೆಗೆ ಮಾತ್ರ ಮಕ್ಕಳನ್ನು ಸುಳಿಯಗೊಡಬಾರದು. ಕಂಬಳಿಹುಳು, ಚೇಳುಗಳನ್ನು ದೂರದಿಂದಲೇ ತೋರಿಸಬೇಕು.

ಪುಸ್ತಕ ಬೇಕೆನ್ನುವವರಿಗೆ ಶಿವರಾಮ ಕಾರಂತರ ‘ಬಾಲಪ್ರಪಂಚ’ವು 1936ರಲ್ಲಿಯೇ ಮೂರು ಸಂಪುಟಗಳಾಗಿ ಹೊರಟಿತು. ಆದರೆ ಐದಾರು ವರ್ಷದ ಮಗುವಿಗೆ ಮೊದಲು ಹೊಲದ ಬದು, ಆಮೇಲೆ ಪುಸ್ತಕವೆಂಬುದೇ ನಮ್ಮ ಅಭಿಪ್ರಾಯ. ನೋಡಿಯಾದ ಮೇಲೆ ಇಂದ್ರಗೋಪವನ್ನು ಎತ್ತಿದ ಜಾಗದಲ್ಲಿಯೇ ಮಗುವಿನ ಕೈಯಿಂದ ಬಿಡಿಸಿರಿ. ಬಿಸಿಲೇರಿದರೆ ಅದು ಮಣ್ಣನ್ನು ಸೇರುವುದು. ಕೆಲವೇ ದಿನಗಳಲ್ಲಿ ಆ ವರ್ಷದ ದರ್ಶನವು ಮುಗಿಯುವುದು.