ತಿದ್ದಿದ ಕೈ ಕಾಣಬೇಕು

ಚನ್ನಪಟ್ಟಣ, ಮಾಗಡಿ, ಕನಕಪುರ ಸೀಮೆಯ ಹಳೆಯ ಶಾಸನಗಳಲ್ಲಿ ಏನಿದೆ ಎಂದು ತಿಳಿಯಬೇಕಾದವರು ಇಂದಿಗೂ ಹುಡುಕಿಕೊಂಡು ಹೋಗುವುದು ಬಿ.ಎಲ್. ರೈಸ್ 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ'ದ 9ನೆಯ ಸಂಪುಟವನ್ನು. ಆಗಿನ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರಾಗಿ, ಒಂದೊಂದಕ್ಕೂ ಒಂದು ಸಂಖ್ಯೆಯೊಡನೆ ಅದರಲ್ಲಿ ಅಚ್ಚಾಗಿವೆ. ಪುಟ ತಿರುವುತ್ತ ಹೋದರೆ ಸಾಲುಗಳ ನಡುವೆ ಅಲ್ಲಲ್ಲಿ ಬರೀ ಚುಕ್ಕೆಗಳು ಕಾಣುತ್ತವೆ. ಅಚ್ಚಿನಮನೆಯವರ ಅಚಾತುರ್ಯವೇನೋ ಎಂದು ಹೊಸಬರಿಗೆ ಅನ್ನಿಸಬಹುದು. ಕಲ್ಲು ಒಡೆದೋ ಸವೆದೋ ಅಕ್ಷರ ಓದಲಾಗದೆ ಹೋದ ಜಾಗವನ್ನು ಸಂಪಾದಕರು ಹಾಗೆ ಗುರುತಿಸಿದ್ದಾರೆ.

ಆ ಚುಕ್ಕೆಗಳ ಬೆಲೆ ದೊಡ್ಡದು. ದೇವಸ್ಥಾನಕ್ಕೆ ಗದ್ದೆ ಬಿಟ್ಟ ಶಾಸನವೊಂದರಲ್ಲಿ 'ಖಂಡುಗ' ಎಂಬ ಮಾತು ಉಳಿದು, ಅದರ ಹಿಂದಿನ ಸಂಖ್ಯೆ ಅಳಿಸಿಹೋಗಿದೆ ಎಂದುಕೊಳ್ಳಿ. ಓದುವವರು ತಮಗೆ ಸರಿಕಂಡಂತೆ 'ಹತ್ತು' ಎಂದು ತುಂಬಿ ಸುಮ್ಮನಾದರೆ, ಮುಂದೆ ಅದೇ ಹತ್ತು ಖಂಡುಗ ಇತಿಹಾಸದ ಪುಸ್ತಕಕ್ಕೆ ಹೋಗುತ್ತದೆ, ಅಲ್ಲಿಂದ ಊರಿನ ಬಾಯಿಗೆ ಬರುತ್ತದೆ. ಹಾಗೆಂದು ಊಹೆಯೇ ಕೂಡದೆಂದಲ್ಲ. ಶಾಸನಗಳ ಪ್ರಕಟಣೆಯಲ್ಲಿ ಇದಕ್ಕೊಂದು ರೂಢಿ ಬೆಳೆದು ಬಂದಿದೆ. ಮಸುಕಾಗಿ ಸಂದೇಹ ಉಳಿದ ಅಕ್ಷರಕ್ಕೆ ಚೌಕಾಕಾರದ ಕಂಸ. ಕೆತ್ತಿದವನು ತಪ್ಪಿದ್ದಾನೆ ಎಂದು ಕಂಡರೆ ಅವನ ತಪ್ಪನ್ನು ಹಾಗೆಯೇ ಇಟ್ಟು, ಸರಿಯಾದ ರೂಪ ಪಕ್ಕದ ದುಂಡು ಕಂಸದಲ್ಲಿ. ಕಲ್ಲಿನಲ್ಲಿ ಇಲ್ಲದ್ದನ್ನು ಸಂಪಾದಕರೇ ಸೇರಿಸಿದ್ದರೆ ಕಂಸದೊಳಗೆ ಒಂದು ನಕ್ಷತ್ರ. ಕಲ್ಲು ಹೇಳಿದ್ದೆಷ್ಟು, ವಿದ್ವಾಂಸರು ಹೇಳಿದ್ದೆಷ್ಟು ಎಂಬುದು ಹೀಗೆ ಒಂದೇ ಸಾಲಿನಲ್ಲಿ ಬೇರೆಬೇರೆಯಾಗಿ ಕಾಣುತ್ತದೆ.

ಕಲ್ಲಿಗೆ ಒಂದು ಅನುಕೂಲವಿದೆ. ಸಂದೇಹ ಬಂದವರು ಊರಿಗೇ ಹೋಗಿ ನೋಡಬಹುದು. ಓಲೆಗರಿಯಲ್ಲಿ ಉಳಿದುಬಂದ ಕಾವ್ಯಗಳಿಗೆ ಆ ಭಾಗ್ಯವಿಲ್ಲ. ಕವಿ ಕೈಯಾರೆ ಬರೆದ ಪ್ರತಿ ಎಂದೋ ಹೋಗಿರುತ್ತದೆ. ಸಿಗುವುದು ಪ್ರತಿಯ ಪ್ರತಿಯ ಪ್ರತಿ. ಪ್ರತಿಕಾರನಿಗೆ ಹಳಗನ್ನಡದ ಮಾತು ಅರ್ಥವಾಗದೆ ಹೋಗಿರಬಹುದು, ಗರಿಯನ್ನು ಹುಳು ತಿಂದಿರಬಹುದು. ಕೆಲವೊಮ್ಮೆ ಅವನೇ ಕವಿಗಿಂತ ತಿಳಿದವನಾಗಿ ತಿದ್ದಿರುವುದೂ ಉಂಟು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ ಎಂದು ಪ್ರತಿಯ ಕೊನೆಯಲ್ಲಿ ಕೈಮುಗಿದು ಕೇಳಿಕೊಂಡ ಪ್ರತಿಕಾರರು ಎಷ್ಟೋ ಮಂದಿ. ತಿದ್ದಿದವರು ತಿದ್ದಿದ್ದನ್ನು ಬರೆದಿಡಿ ಎಂದು ಯಾರೂ ಕೇಳಲಿಲ್ಲವೆಂದು ತೋರುತ್ತದೆ!

ಪಂಪಭಾರತವನ್ನು ಮೊದಲು ಅಚ್ಚು ಹಾಕಿಸಿದವರೂ ರೈಸ್ ಅವರೇ, ಅದು 1898ರಲ್ಲಿ. ಮತ್ತಷ್ಟು ಪ್ರತಿಗಳ ನೆರವಿನಿಂದ ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಅದನ್ನು ಹೊಸದಾಗಿ ಪ್ರಕಟಿಸಿತು. ಇಂಥ ಗ್ರಂಥಗಳಲ್ಲಿ ಸಾಮಾನ್ಯ ಓದುಗರು ಕಣ್ಣು ಹಾಯಿಸದೆ ದಾಟುವ ಭಾಗವೆಂದರೆ ಪುಟದ ಕೆಳಗಿನ ಸಣ್ಣಕ್ಷರದ ಪಾಠಾಂತರಗಳು. ಪ್ರತಿಯೊಂದಕ್ಕೂ ಕ, ಖ, ಗ ಎಂದು ಹೆಸರು ಕೊಟ್ಟು, ಯಾವ ಪ್ರತಿಯಲ್ಲಿ ಯಾವ ಮಾತಿದೆ ಎಂದು ಅಲ್ಲಿ ತೋರಿಸಿರುತ್ತಾರೆ. ಯಾವ ಪ್ರತಿಯಲ್ಲೂ ಇಲ್ಲದ ರೂಪವನ್ನು ಸಂಪಾದಕರು ಊಹಿಸಿ ಇಟ್ಟಿದ್ದರೆ ಅದನ್ನೂ ಹೇಳಬೇಕು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಈ ವಿದ್ಯೆಯನ್ನು ಕನ್ನಡದಲ್ಲಿ ಶಾಸ್ತ್ರವಾಗಿ ಕಟ್ಟಿಕೊಟ್ಟ ಗ್ರಂಥ.

ತಿದ್ದಿದೆ ಎಂದರಷ್ಟೇ ಸಾಲದು, ಏಕೆ ಎಂಬುದೂ ಬೇಕು. ಹಳಗನ್ನಡದಲ್ಲಿ 'ೞ' ಎಂಬ ಅಕ್ಷರವಿತ್ತು. ಆಡುಮಾತಿನಿಂದ ಅದು ಮರೆಯಾದ ಮೇಲೆ ಪ್ರತಿಕಾರರು ಅದರ ಜಾಗದಲ್ಲಿ 'ಳ' ಬರೆಯತೊಡಗಿದರು. ಪದ್ಯದ ನಾಲ್ಕು ಪಾದಗಳಲ್ಲೂ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬುದು ಪ್ರಾಸದ ನಿಯಮ. ಮೂರು ಪಾದಗಳಲ್ಲಿ 'ೞ' ಇದ್ದು ನಾಲ್ಕನೆಯದರಲ್ಲಿ 'ಳ' ಬಂದರೆ ಕೈತಪ್ಪು ಎಲ್ಲಿ ಆಯಿತೆಂಬುದು ಗೊತ್ತಾಗುತ್ತದೆ. ಸಂಪಾದಕರು ತಿದ್ದುತ್ತಾರೆ, ಕಾರಣ ಹೇಳುತ್ತಾರೆ, ಓದುಗರು ಒಪ್ಪಬಹುದು ಅಥವಾ ಬಿಡಬಹುದು. ಪುಣೆಯ ಭಂಡಾರ್ಕರ್ ಸಂಸ್ಥೆ 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಸಂಸ್ಕೃತ ಮಹಾಭಾರತದ ಸಂಪಾದನೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ತಾವೇ ಆರಿಸಿದ ಪಾಠದ ಬಗ್ಗೆ ಸಂದೇಹವಿದ್ದ ಕಡೆ ಅಕ್ಷರಗಳ ಕೆಳಗೆ ಅಲೆಯಂಥ ಗೆರೆ ಎಳೆದರು.

ಕಾರಣ ಕೊಟ್ಟ ಮಾತ್ರಕ್ಕೆ ಎಲ್ಲ ತಿದ್ದುಪಡಿಯೂ ಸಲ್ಲುತ್ತದೆಯೇ? ಮಾತೆ ಮಹಾದೇವಿ ಅವರ 'ವಚನ ದೀಪ್ತಿ'ಯ ಪ್ರಕರಣ ಈ ಪ್ರಶ್ನೆಯನ್ನು ನ್ಯಾಯಾಲಯದವರೆಗೂ ಒಯ್ದಿತು. ಬಸವಣ್ಣನವರ ವಚನಗಳ 'ಕೂಡಲಸಂಗಮದೇವ' ಎಂಬ ಅಂಕಿತದ ಜಾಗದಲ್ಲಿ ಅವರು 'ಲಿಂಗದೇವ' ಎಂದು ಬಳಸಿದರು. ಅದನ್ನು ಬಹಿರಂಗವಾಗಿಯೇ ಸಮರ್ಥಿಸಿಕೊಂಡರು. ರಾಜ್ಯ ಸರ್ಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಸುಪ್ರೀಂ ಕೋರ್ಟ್ 2017ರಲ್ಲಿ ಆ ಆದೇಶವನ್ನು ಎತ್ತಿಹಿಡಿಯಿತು. ಪುಸ್ತಕವನ್ನು ಸರ್ಕಾರ ತಡೆಯಬಹುದೇ ಎಂಬುದು ಬೇರೆಯದೇ ಚರ್ಚೆ. ಸಂಪಾದನೆಯ ದೃಷ್ಟಿಯಿಂದ ಮಾತ್ರ ನೋಡಿದರೆ, ವಚನದ ಅಂಕಿತವೆಂದರೆ ಹೇಳಿದವರ ರುಜು. ಪ್ರತಿಕಾರನ ತಪ್ಪನ್ನು ಸರಿಪಡಿಸುವುದು ಒಂದು ಕೆಲಸ, ರುಜುವನ್ನು ಬದಲಿಸುವುದು ಇನ್ನೊಂದು. ಎರಡನೆಯದಕ್ಕೆ ಅಡಿಟಿಪ್ಪಣಿ ಸಾಲುವುದಿಲ್ಲ.

ರಾಮನಗರ ಸೀಮೆಯಲ್ಲಿ ಊರ ಹೆಸರುಗಳದೇ ಒಂದು ತೊಡಕು. ಇಂದಿನ ಕನಕಪುರ ಹಳೆಯ ದಾಖಲೆಗಳಲ್ಲಿ ಕಾನಕಾನಹಳ್ಳಿ. ರಾಮನಗರವು ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆ, ಅದಕ್ಕೂ ಮುಂಚೆ ಟಿಪ್ಪು ಕಾಲದಲ್ಲಿ ಶಂಸೇರಾಬಾದ್. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಓದುವವರಿಗೆ ಸುಲಭವಾಗಲೆಂದು ಹಳೆಯ ಪತ್ರವೊಂದರ 'ಕ್ಲೋಸ್‌ಪೇಟೆ'ಯನ್ನು ಅಳಿಸಿ 'ರಾಮನಗರ' ಎಂದು ಅಚ್ಚು ಮಾಡುವುದು ಕೆಟ್ಟ ಉದ್ದೇಶದ ಕೆಲಸವೇನಲ್ಲ. ಆದರೆ ಬರೆದವರ ಕಾಲಕ್ಕೇ ಆ ಹೆಸರು ಬಳಕೆಯಲ್ಲಿತ್ತು ಎಂದು ಮುಂದಿನವರು ಅದನ್ನೇ ಸಾಕ್ಷಿ ಮಾಡಿಕೊಳ್ಳುತ್ತಾರೆ. ಪಕ್ಕದಲ್ಲಿ ಒಂದು ಕಂಸ ಹಾಕಿದ್ದರೆ ಆ ಗೊಂದಲವಿರುತ್ತಿರಲಿಲ್ಲ.

ಬರಹವೇ ಇಲ್ಲದ ಸಾಹಿತ್ಯದಲ್ಲಿ ಈ ಸಮಸ್ಯೆ ಇನ್ನೂ ಬಿಗಿಯಾಗುತ್ತದೆ. ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯಲ್ಲಿರುವ ಜಾನಪದ ಲೋಕವನ್ನು 1994ರಲ್ಲಿ ಕಟ್ಟಿ ನಿಲ್ಲಿಸಿದ ಎಚ್.ಎಲ್. ನಾಗೇಗೌಡರು ಹಾಡುಗಳನ್ನು ಹಾಡುವವರ ಬಾಯಿಂದಲೇ ಸಂಗ್ರಹಿಸುತ್ತ ಬಂದವರು. ಹಾಡುವ ಹೆಂಗಸು 'ಮ್ಯಾಲೆ' ಎನ್ನುತ್ತಾಳೆ, 'ದ್ಯಾವ್ರು' ಎನ್ನುತ್ತಾಳೆ, 'ಹಾಲು' ಎಂಬಲ್ಲಿ 'ಆಲು' ಎನ್ನುತ್ತಾಳೆ. ಬರೆದುಕೊಳ್ಳುವ ಓದಿದವರ ಕೈ ತನಗೇ ತಿಳಿಯದಂತೆ 'ಮೇಲೆ', 'ದೇವರು', 'ಹಾಲು' ಎಂದು ಬರೆದುಬಿಡುತ್ತದೆ. ಇದರಿಂದ ನಷ್ಟವೇನು ಎಂದು ಕೇಳಬಹುದು. ಆಕೆಯ ಬಾಯಲ್ಲಿ 'ಆಲು' ಮತ್ತು 'ಆರತಿ' ಒಂದೇ ಸ್ವರದಿಂದ ಎದ್ದು ಸಾಲಿಗೆ ಸಾಲು ಹೊಂದುತ್ತಿದ್ದವು. 'ಹಾಲು' ಎಂದು ತಿದ್ದಿದ ಕೂಡಲೇ ಆ ಹೊಂದಿಕೆ ಕಡಿದುಹೋಗುತ್ತದೆ. ಹಾಡು ಕಟ್ಟಿದವರಿಗೆ ಕಿವಿ ಇರಲಿಲ್ಲವೆಂಬ ಅಪವಾದ ಪುಸ್ತಕ ಓದಿದವರಿಂದ ಬರುತ್ತದೆ.

ಆಕೆಯೇ ನಾಳೆ ಅದೇ ಹಾಡನ್ನು ಎರಡು ಸಾಲು ಹೆಚ್ಚು ಸೇರಿಸಿ ಹಾಡಬಹುದು. ಅದಕ್ಕೆ ಆಕೆ ಯಾರಿಗೂ ಕಾರಣ ಹೇಳಬೇಕಾಗಿಲ್ಲ, ಹಾಡು ಆಕೆಯದು. ಬರೆದುಕೊಂಡವರ ಸ್ಥಿತಿ ಹಾಗಲ್ಲ. ಯಾರು, ಯಾವ ಊರಿನಲ್ಲಿ, ಯಾವ ವರ್ಷ ಹಾಡಿದರು, ಯಾವ ಉಚ್ಚಾರವನ್ನು ಶಿಷ್ಟರೂಪಕ್ಕೆ ತಂದೆವು ಎಂದು ಮುನ್ನುಡಿಯಲ್ಲಿ ನಾಲ್ಕು ಸಾಲು ಬರೆದಿದ್ದರೆ, ಓದುಗರು ಅಚ್ಚಿನಿಂದ ಆ ಬಾಯಿಮಾತಿನ ಹತ್ತಿರಕ್ಕೆ ಹಿಂದಿರುಗಬಹುದು. ಧ್ವನಿಸುರುಳಿ ಉಳಿದಿರುವ ಹಾಡುಗಳನ್ನಾದರೆ ಮತ್ತೊಮ್ಮೆ ಕೇಳಿ ಹೋಲಿಸಿ ನೋಡಬಹುದು. ಟೇಪ್ ರೆಕಾರ್ಡರ್ ಹಳ್ಳಿಗೆ ಬರುವ ಮೊದಲು ಬರೆದುಕೊಂಡ ಹಾಡುಗಳಲ್ಲಿ, ಟಿಪ್ಪಣಿಯೂ ಇಲ್ಲದಿದ್ದರೆ, ಪುಟದ ಮೇಲಿನ 'ಹಾಲು' ಹಾಡಿದವಳದೋ ಬರೆದವರದೋ ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ.